ಅನುಭವ ಇಲ್ಲದೆ ಮೊದಲ ಇಂಟರ್ನ್‌ಶಿಪ್ ಪಡೆಯುವುದು ಹೇಗೆ?

ಪ್ರಶ್ನೆ: ನಾನು ವಾಣಿಜ್ಯ ಪದವಿಯ ಎರಡನೇ ವರ್ಷದಲ್ಲಿದ್ದೇನೆ. ಅಂಕಗಳು ಸಾಧಾರಣ. ನಮ್ಮ ಕಾಲೇಜಿಗೆ ಕಂಪನಿಗಳು ಬರುವುದಿಲ್ಲ. ಇಂಟರ್ನ್‌ಶಿಪ್‌ಗೆ ಅರ್ಜಿ ಹಾಕಿದರೆ ಹೆಚ್ಚಿನ ಕಡೆಯಿಂದ ಉತ್ತರವೇ ಇಲ್ಲ. ಉತ್ತರ ಬಂದ ಕಡೆ ಅನುಭವ ಕೇಳುತ್ತಾರೆ. ಅನುಭವಕ್ಕೇ ಅಲ್ವಾ ಇಂಟರ್ನ್‌ಶಿಪ್ ಮಾಡುವುದು? ಒಂದು ಸಂಸ್ಥೆಯವರು ತರಬೇತಿ ಶುಲ್ಕ ಕಟ್ಟಿದರೆ ಇಂಟರ್ನ್‌ಶಿಪ್, ಸರ್ಟಿಫಿಕೇಟ್ ಎರಡೂ ಕೊಡುತ್ತೇವೆ ಅನ್ನುತ್ತಾರೆ. ಇನ್ನೊಂದು ಕಡೆ ಸಂಬಳ ಇಲ್ಲದೆ ಆರು ತಿಂಗಳು ಪೂರ್ತಿ ದಿನ ಕೆಲಸ ಮಾಡು ಅನ್ನುತ್ತಾರೆ. ಯಾವುದಕ್ಕೆ ಒಪ್ಪಲಿ? ಪದವಿ ಮುಗಿಯುವವರೆಗೂ ಏನೂ ಸಿಗದಿದ್ದರೆ ಏನು ಮಾಡಲಿ?

ಉತ್ತರ: ಮೊದಲು ತುರ್ತಿನ ಮಾತು. ಆ ಶುಲ್ಕ ಕಟ್ಟಬೇಡಿ.

ಇಂಟರ್ನ್‌ಶಿಪ್ ಎಂದರೆ ಕೆಲಸ. ಕೆಲಸ ಮಾಡಿಸಿಕೊಳ್ಳುವವರು ದುಡ್ಡು ಕೊಡಬೇಕು. ಕೊಡಲು ಆಗದಿದ್ದರೆ ಕೇಳುವುದಂತೂ ಸಲ್ಲ. ನೋಂದಣಿ, ತರಬೇತಿ, ಲ್ಯಾಪ್‌ಟಾಪ್ ಠೇವಣಿ, ಸರ್ಟಿಫಿಕೇಟ್ ಖರ್ಚು ಎಂದು ಹೆಸರು ಏನೇ ಇಟ್ಟಿರಲಿ, ದುಡ್ಡು ನಿಮ್ಮ ಜೇಬಿನಿಂದ ಅವರ ಕಡೆ ಹೋಗುತ್ತಿದ್ದರೆ ನೀವು ಅಲ್ಲಿ ಗಿರಾಕಿ. ಆ ಸರ್ಟಿಫಿಕೇಟ್‌ನಿಂದ ಮುಂದೆ ಉಪಯೋಗವಾದರೂ ಆಗುತ್ತದೆಯೇ? ಸಂದರ್ಶನದಲ್ಲಿ ನಾವು ಕೇಳುವ ಮೊದಲ ಮಾತೇ "ಅಲ್ಲಿ ಏನು ಮಾಡಿದಿರಿ?" ಎಂಬುದು. ವಿಡಿಯೊ ನೋಡಿ, ಕ್ವಿಜ್ ಬರೆದು ಪಡೆದ ಸರ್ಟಿಫಿಕೇಟ್ ಆದರೆ ಎರಡನೇ ಪ್ರಶ್ನೆಗೇ ಹೇಳಲು ಏನೂ ಉಳಿದಿರುವುದಿಲ್ಲ. ಒಂದು ವಿಷಯ ಕಲಿಯಲು ಫೀಸು ಕೊಡುವುದು ತಪ್ಪಲ್ಲ. ಆಗ ಅದು ಕೋರ್ಸ್. ಪಾಠ ಚೆನ್ನಾಗಿದೆಯೇ ಎಂದು ನೋಡಿ ಸೇರಿ, ಕೆಲಸ ಸಿಗುತ್ತದೆ ಎಂದು ಸೇರಬೇಡಿ.

ಮೋಸದ ಗುರುತುಗಳು ಇನ್ನೂ ಕೆಲವಿವೆ. ಮಾತೇ ಆಡಿಸದೆ ಆಫರ್ ಲೆಟರ್ ಕಳಿಸುತ್ತಾರೆ. ವ್ಯವಹಾರವೆಲ್ಲ ಮೆಸೇಜ್ ಆ್ಯಪ್‌ನಲ್ಲೇ ನಡೆಯುತ್ತದೆ. ಸೇರುವ ಮೊದಲೇ ಗುರುತಿನ ಚೀಟಿಯ ಪ್ರತಿ, ಬ್ಯಾಂಕ್ ವಿವರ, ಒಟಿಪಿ ಕೇಳುತ್ತಾರೆ. ದೊಡ್ಡ ಕಂಪನಿಯ ಹೆಸರು ಹೇಳಿದರೆ, ಅವರು ಕೊಟ್ಟ ನಂಬರಿಗೆ ಫೋನ್ ಮಾಡಬೇಡಿ. ಆ ಕಂಪನಿಯ ಸ್ವಂತ ವೆಬ್‌ಸೈಟ್ ಹುಡುಕಿ, ಅಲ್ಲಿರುವ ವಿಳಾಸಕ್ಕೆ ಬರೆದು ಖಚಿತ ಮಾಡಿಕೊಳ್ಳಿ.

ಈಗ ನಿಮ್ಮ ಮುಖ್ಯ ಪ್ರಶ್ನೆ. ಅನುಭವ ಇಲ್ಲ ಎಂದು ಎಲ್ಲರೂ ಬಾಗಿಲು ಹಾಕಿದರೆ ಅನುಭವ ಬರುವುದು ಎಲ್ಲಿಂದ? ನಿಮ್ಮ ಬೇಸರ ನ್ಯಾಯವಾದದ್ದು. ಆದರೆ ಇಂಟರ್ನ್ ತೆಗೆದುಕೊಳ್ಳುವವರ ಕಡೆಯಿಂದಲೂ ಒಮ್ಮೆ ನೋಡಿ. ಹಲವು ವರ್ಷ ಇಂಟರ್ನ್‌ಗಳನ್ನು ಆರಿಸುವ, ಅವರ ಕೆಲಸ ನೋಡಿಕೊಳ್ಳುವ ಜವಾಬ್ದಾರಿ ನನ್ನದಾಗಿತ್ತು. ಹೊಸಬರು ಬಂದಾಗ ಮೊದಲ ಕೆಲವು ವಾರ ತಂಡದಲ್ಲಿ ಒಬ್ಬರ ಸಮಯ ಅವರಿಗೇ ಹೋಗುತ್ತದೆ. ಆ ಒಬ್ಬರಿಗೆ ತಮ್ಮ ಕೆಲಸವೇ ಬೆಟ್ಟದಷ್ಟಿರುತ್ತದೆ. ಅವರ ಚಿಂತೆ ನಿಮಗೆ ಏನು ಗೊತ್ತಿಲ್ಲ ಎಂಬುದರ ಬಗ್ಗೆ ಅಲ್ಲವೇ ಅಲ್ಲ. ಗೊತ್ತಿಲ್ಲದ್ದನ್ನು ಹೇಳಿಕೊಡಬಹುದು. ಕೊಟ್ಟ ಕೆಲಸವನ್ನು ಈ ವ್ಯಕ್ತಿ ಮುಗಿಸುತ್ತಾನಾ, ಅರ್ಧಕ್ಕೆ ನಿಂತರೆ ಬಂದು ಹೇಳುತ್ತಾನಾ, ಮಾಡಿದ್ದನ್ನು ತಾನೇ ಒಮ್ಮೆ ಪರೀಕ್ಷಿಸಿ ಕೊಡುತ್ತಾನಾ, ಇವೇ ಅವರ ಚಿಂತೆ. ಇದಕ್ಕೆ ಅಂಕಪಟ್ಟಿಯಲ್ಲಿ ಉತ್ತರ ಇಲ್ಲ. ಹಿಂದೆ ಎಲ್ಲೋ ಕೆಲಸ ಮಾಡಿದವರಿಗೆ ಈ ಅಭ್ಯಾಸ ಇರಬಹುದು ಎಂಬ ಊಹೆಯ ಮೇಲೆ ಅನುಭವ ಕೇಳುತ್ತಾರೆ.

ಊಹೆ ಎಂದು ಬೇಕಂತಲೇ ಹೇಳಿದೆ. 1998ರಲ್ಲಿ ಫ್ರಾಂಕ್ ಶ್ಮಿಟ್ ಮತ್ತು ಜಾನ್ ಹಂಟರ್ ಎಂಬ ಮನಃಶಾಸ್ತ್ರಜ್ಞರು ನೇಮಕಾತಿ ವಿಧಾನಗಳ ಬಗ್ಗೆ 85 ವರ್ಷಗಳಲ್ಲಿ ನಡೆದ ಸಂಶೋಧನೆಗಳನ್ನು ಒಟ್ಟುಗೂಡಿಸಿ ನೋಡಿದರು. ಮುಂದೆ ಯಾರು ಚೆನ್ನಾಗಿ ಕೆಲಸ ಮಾಡುತ್ತಾರೆ ಎಂದು ತಿಳಿಸುವುದರಲ್ಲಿ, ಆ ಕೆಲಸದ ಒಂದು ತುಣುಕನ್ನು ಮಾಡಿಸಿ ನೋಡುವ ಪರೀಕ್ಷೆ ಪಟ್ಟಿಯ ಮೇಲ್ತುದಿಯಲ್ಲಿತ್ತು. ಎಷ್ಟು ವರ್ಷ ಅನುಭವ ಎಂಬ ಲೆಕ್ಕ ಬಹಳ ಕೆಳಗಿತ್ತು. 2022ರಲ್ಲಿ ಪಾಲ್ ಸ್ಯಾಕೆಟ್ ಮತ್ತು ಅವರ ಸಂಗಡಿಗರು ಆ ಲೆಕ್ಕಗಳನ್ನು ಮತ್ತೆ ಮಾಡಿ, ಹಲವು ಅಂಕಿಗಳನ್ನು ತಗ್ಗಿಸಿದರು. ಅನುಭವದ ವರ್ಷಗಳು ಆಗಲೂ ಕೆಳಗೇ ಉಳಿದವು, ಮಾಡಿ ತೋರಿಸುವುದು ಆಗಲೂ ಅದಕ್ಕಿಂತ ಬಹಳ ಮೇಲಿತ್ತು.

ಹಾಗಾಗಿ ಯಾರೂ ಕೇಳುವ ಮೊದಲೇ ನೀವು ಒಂದು ಕೆಲಸ ಮಾಡಿ ಮುಗಿಸಿ, ಅದನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ. ಚಿಕ್ಕದಾಗಿರಲಿ. ಆದರೆ ಪೂರ್ತಿಯಾಗಿರಲಿ, ಬೇರೆಯವರು ಪರೀಕ್ಷಿಸಿ ನೋಡುವಂತಿರಲಿ.

ನಿಮ್ಮದು ವಾಣಿಜ್ಯ ವಿಭಾಗ ಆದ್ದರಿಂದ ಒಂದು ಉದಾಹರಣೆಯನ್ನು ವಿವರವಾಗಿ ಹೇಳುತ್ತೇನೆ. ಷೇರುಪೇಟೆಯಲ್ಲಿರುವ ಕಂಪನಿಗಳು ವಾರ್ಷಿಕ ವರದಿಯನ್ನು ಎಲ್ಲರಿಗೂ ಉಚಿತವಾಗಿ ಇಡಬೇಕು. ನಿಮಗೆ ಅರ್ಥವಾಗುವ ವಸ್ತು ತಯಾರಿಸುವ ಒಂದು ಕಂಪನಿ ಆರಿಸಿ. ಬ್ಯಾಂಕು, ವಿಮೆ ಬೇಡ, ಅವುಗಳ ಲೆಕ್ಕದ ರೀತಿಯೇ ಬೇರೆ. ಐದು ವರ್ಷದ ವರದಿ ಇಳಿಸಿಕೊಳ್ಳಿ. ಪ್ರತಿ ವರ್ಷದ ಲಾಭವನ್ನು ಒಂದು ಸಾಲಿನಲ್ಲಿ, ವ್ಯವಹಾರದಿಂದ ನಿಜವಾಗಿ ಕೈಗೆ ಬಂದ ನಗದನ್ನು ಇನ್ನೊಂದು ಸಾಲಿನಲ್ಲಿ ಸ್ಪ್ರೆಡ್‌ಶೀಟ್‌ಗೆ ಹಾಕಿ. ನಗದು ಹರಿವಿನ ಪಟ್ಟಿಯಲ್ಲಿ ಈ ಎರಡನೆಯದು ಸಿಗುತ್ತದೆ. ಎರಡೂ ಸಾಲು ಸುಮಾರಾಗಿ ಜೊತೆಯಲ್ಲೇ ಸಾಗಬೇಕು. ಲಾಭ ಏರುತ್ತಾ, ನಗದು ಅಲ್ಲೇ ನಿಂತಿದ್ದರೆ ದುಡ್ಡು ಎಲ್ಲೋ ಸಿಕ್ಕಿಕೊಂಡಿದೆ ಎಂದರ್ಥ. ಎಲ್ಲಿ? ಸಾಮಾನ್ಯವಾಗಿ ಗಿರಾಕಿಗಳ ಬಾಕಿಯಲ್ಲಿ ಅಥವಾ ಗೋದಾಮಿನ ದಾಸ್ತಾನಿನಲ್ಲಿ.

ಬಾಕಿಯನ್ನು ಮಾರಾಟದಿಂದ ಭಾಗಿಸಿ 365ರಿಂದ ಗುಣಿಸಿ. ಗಿರಾಕಿ ದುಡ್ಡು ಕೊಡಲು ಸರಾಸರಿ ಎಷ್ಟು ದಿನ ತೆಗೆದುಕೊಳ್ಳುತ್ತಾನೆ ಎಂದು ಗೊತ್ತಾಗುತ್ತದೆ. ಮಾರಾಟ 100, ಬಾಕಿ 20 ಇದ್ದರೆ 73 ದಿನ. ಮುಂದಿನ ವರ್ಷ ಮಾರಾಟ 120, ಬಾಕಿ 36 ಆದರೆ ಸುಮಾರು 110 ದಿನ. ಮಾರಾಟ ಏರಿತು ಎಂದು ಕಂಪನಿ ಹೇಳುತ್ತಿದೆ. ಆದರೆ ಸಾಲದ ಮೇಲೆ ಜಾಸ್ತಿ ಜಾಸ್ತಿ ಕೊಟ್ಟು ಏರಿಸಿದ ಮಾರಾಟ ಅದು ಎಂದು ನಿಮಗೆ ಅನುಮಾನ ಬರಬೇಕು. ವರದಿಯ ಟಿಪ್ಪಣಿಗಳಲ್ಲಿ ಇದಕ್ಕೆ ಏನು ಕಾರಣ ಕೊಟ್ಟಿದ್ದಾರೆ ಓದಿ. ಒಪ್ಪುವಂತಿದೆಯೇ ಬರೆಯಿರಿ. ಇಷ್ಟನ್ನೂ ಎರಡು ಪುಟದಲ್ಲಿ ಹೇಳಿ. ಯಾವ ಅಂಕಿ ಯಾವ ವರ್ಷದ ವರದಿಯ ಎಷ್ಟನೇ ಪುಟದ್ದು ಎಂದು ಸ್ಪ್ರೆಡ್‌ಶೀಟ್‌ನಲ್ಲಿ ಗುರುತು ಹಾಕಿ.

ಈ ಪುಟ ಸಂಖ್ಯೆಯ ಗುರುತು ಚಿಕ್ಕ ವಿಷಯ ಅನ್ನಿಸಬಹುದು. ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಅದೇ ದೊಡ್ಡದು. ಓದುವವರು ಒಂದು ಅಂಕಿ ಆರಿಸಿ, ವರದಿ ತೆರೆದು ತಾಳೆ ನೋಡುತ್ತಾರೆ. ಸರಿಯಿದ್ದರೆ ಈ ವ್ಯಕ್ತಿಗೆ ಲೆಕ್ಕ ಒಪ್ಪಿಸಬಹುದು ಎಂಬ ಧೈರ್ಯ ಬರುತ್ತದೆ. ಲೆಕ್ಕಪರಿಶೋಧಕರ ಕಚೇರಿಯಲ್ಲಿ ಹೊಸಬರಿಗೆ ಮೊದಲು ಕಲಿಸುವುದೂ ಇದನ್ನೇ.

ಇದನ್ನು ಎಐ ಕೈಲಿ ಬರೆಸಿಬಿಡಬಹುದಲ್ಲ ಎಂದು ನಿಮಗೆ ಅನ್ನಿಸಬಹುದು. ಬರೆಸಬಹುದು. ಆದರೆ ಮುಂದಿರುವವರೂ ಅದನ್ನೇ ಬಳಸುತ್ತಾರೆ, ಅದರ ಧಾಟಿ ಅವರಿಗೆ ಗೊತ್ತು. ಅದಕ್ಕಿಂತ ಹೆಚ್ಚಾಗಿ, "ಈ ಅಂಕಿ ಏಕೆ ಏರಿತು?" ಎಂದು ಎದುರಿಗೆ ಕೂತು ಕೇಳಿದಾಗ ಉತ್ತರ ನಿಮ್ಮ ತಲೆಯಲ್ಲಿರಬೇಕು. ಮೊದಲ ಕರಡು ಯಂತ್ರ ಬರೆಯುವ ಕಾಲದಲ್ಲಿ ತಪ್ಪು ಹಿಡಿಯುವ ಕಣ್ಣಿಗೆ ಬೆಲೆ ಜಾಸ್ತಿ. ಆ ಕಣ್ಣು ಕೈಯಾರೆ ಮಾಡಿ ನೋಡಿದವರಿಗೆ ಮಾತ್ರ ಬರುತ್ತದೆ.

ಬೇರೆ ವಿಷಯ ಓದುತ್ತಿರುವ ಗೆಳೆಯರಿಗೂ ದಾರಿ ಇದೇ. ಭೂಗೋಳದವರಿಗೆ 2004ರಿಂದ ನಡೆಯುತ್ತಿರುವ ಓಪನ್‌ಸ್ಟ್ರೀಟ್‌ಮ್ಯಾಪ್ ಇದೆ. ಅಲ್ಲಿ ಯಾರು ಬೇಕಾದರೂ ನಕ್ಷೆ ತಿದ್ದಬಹುದು, ಯಾರು ಏನು ತಿದ್ದಿದರು ಎಂಬ ದಾಖಲೆ ಉಳಿಯುತ್ತದೆ. ಜೀವಶಾಸ್ತ್ರದವರಿಗೆ ಗಿಡ, ಪ್ರಾಣಿಗಳನ್ನು ಗುರುತಿಸಿ ದಾಖಲಿಸುವ ಐನ್ಯಾಚುರಲಿಸ್ಟ್, ಅಂಕಿಅಂಶದವರಿಗೆ ದತ್ತಾಂಶದ ಸ್ಪರ್ಧೆಗಳು ನಡೆಯುವ ಕ್ಯಾಗಲ್, ಭಾಷೆ ಓದುವವರಿಗೆ ವಿಕಿಪೀಡಿಯ. ಪ್ರೋಗ್ರಾಮಿಂಗ್ ಕಲಿಯುವವರಿಗಂತೂ ಇದರ ಮೇಲೇ ನಿಂತ ಅವಕಾಶಗಳಿವೆ. 2005ರಲ್ಲಿ ಶುರುವಾದ ಗೂಗಲ್ ಸಮ್ಮರ್ ಆಫ್ ಕೋಡ್‌ನಲ್ಲಿ ಮುಕ್ತ ತಂತ್ರಾಂಶದ (ಯಾರು ಬೇಕಾದರೂ ಬಳಸಿ, ತಿದ್ದಬಹುದಾದ ತಂತ್ರಾಂಶದ) ಒಂದು ಯೋಜನೆಗೆ ಕೆಲಸ ಮಾಡಿ ಸ್ಟೈಪೆಂಡ್ ಪಡೆಯಬಹುದು. 2022ರಿಂದ ಅದಕ್ಕೆ ವಿದ್ಯಾರ್ಥಿಯೇ ಆಗಿರಬೇಕೆಂದಿಲ್ಲ, 18 ತುಂಬಿದ್ದು ಮುಕ್ತ ತಂತ್ರಾಂಶಕ್ಕೆ ಹೊಸಬರಾಗಿದ್ದರೂ ಅರ್ಜಿ ಹಾಕಬಹುದು. ಔಟ್‌ರೀಚಿ ಎಂಬ ಇನ್ನೊಂದು ಕಾರ್ಯಕ್ರಮ ವರ್ಷಕ್ಕೆ ಎರಡು ಸಲ ಮೂರು ತಿಂಗಳ ಇಂಟರ್ನ್‌ಶಿಪ್ ನಡೆಸುತ್ತದೆ. ಅಲ್ಲಿ ಆಯ್ಕೆಗೆ ಮೊದಲೇ ಯೋಜನೆಗೆ ಸ್ವಲ್ಪ ಕೆಲಸ ಮಾಡಿ ಕೊಡಬೇಕು, ಅದನ್ನು ನೋಡಿಯೇ ಆರಿಸುತ್ತಾರೆ.

ಕೆಲಸ ಕೈಯಲ್ಲಿದೆ. ಯಾರನ್ನು ಕೇಳಬೇಕು?

ಹೆಚ್ಚಿನವರು ದೊಡ್ಡ ಜಾಬ್ ಸೈಟುಗಳಲ್ಲಿ ಬಟನ್ ಒತ್ತುತ್ತಾ ಕೂರುತ್ತಾರೆ. ಅಲ್ಲಿ ಒಂದು ಜಾಗಕ್ಕೆ ರಾಶಿ ಅರ್ಜಿ ಬೀಳುತ್ತವೆ, ಅಂಕ ಮತ್ತು ಕಾಲೇಜಿನ ಹೆಸರಿನ ಮೇಲೆ ಮೊದಲ ಸೋಸುವಿಕೆ ನಡೆಯುತ್ತದೆ. ನಿಮ್ಮಂಥವರಿಗೆ ಅದು ಸೋಲುವ ಆಟ. ನಿಮಗೆ ಬೇಕಾದದ್ದು ನಿಮ್ಮ ಎರಡು ಪುಟ ಓದಬಲ್ಲ ಒಬ್ಬ ವ್ಯಕ್ತಿ. ಆ ವ್ಯಕ್ತಿ ಬಹುಶಃ ನಿಮ್ಮ ಹತ್ತಿರದ ಬಳಗದಲ್ಲಿ ಇರುವುದಿಲ್ಲ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲೇ ಇದನ್ನು ತೋರಿಸಿದರು. ಪರಿಚಯದಿಂದ ಕೆಲಸ ಸಿಕ್ಕವರನ್ನು ಕೇಳಿದಾಗ, ಸುಳಿವು ಕೊಟ್ಟವರನ್ನು ಆಗಾಗ ಭೇಟಿ ಮಾಡುತ್ತಿದ್ದೆವು ಎಂದವರು ಶೇಕಡ 17ರಷ್ಟೇ. ಉಳಿದವರಿಗೆಲ್ಲ ಸುಳಿವು ಬಂದದ್ದು ಆಗೊಮ್ಮೆ ಈಗೊಮ್ಮೆ ಇಲ್ಲವೇ ಅಪರೂಪಕ್ಕೆ ಸಿಗುವ ಪರಿಚಯಸ್ಥರಿಂದ. 2022ರಲ್ಲಿ ಲಿಂಕ್ಡ್‌ಇನ್‌ನ 2 ಕೋಟಿ ಬಳಕೆದಾರರ ಮೇಲೆ ನಡೆದ ಪ್ರಯೋಗಗಳ ಫಲಿತಾಂಶ ಪ್ರಕಟವಾದಾಗಲೂ ಹೆಚ್ಚು ಕಡಿಮೆ ಇದೇ ಕಂಡಿತು. ಕಾರಣ ಸರಳ. ಆಪ್ತ ಗೆಳೆಯರಿಗೆ ಗೊತ್ತಿರುವುದು ನಿಮಗೂ ಗೊತ್ತಿರುತ್ತದೆ. ದೂರದ ಪರಿಚಯದವರು ಬೇರೆ ಕಡೆ ಓಡಾಡುತ್ತಾರೆ, ಬೇರೆ ಸುದ್ದಿ ಕೇಳಿರುತ್ತಾರೆ.

ನಿಮ್ಮ ಕಾಲೇಜಿನಲ್ಲಿ ಮೂರ್ನಾಲ್ಕು ವರ್ಷದ ಹಿಂದೆ ಓದಿ ಹೋದವರು, ಒಮ್ಮೆ ಬಂದು ಮಾತಾಡಿದ ಅತಿಥಿ, ಅಣ್ಣನ ಸಹೋದ್ಯೋಗಿ, ಇವರೆಲ್ಲ ಈ ಪಟ್ಟಿಯಲ್ಲಿ ಬರುತ್ತಾರೆ. ಸುಮ್ನೆ "ಏನಾದರೂ ಇದ್ದರೆ ಹೇಳಿ ಸರ್" ಎಂದರೆ ಅವರೂ "ಆಯ್ತು" ಎಂದು ಮರೆಯುತ್ತಾರೆ. ಅವರು ಸುಲಭವಾಗಿ ಉತ್ತರಿಸುವಂತೆ ಕೇಳಿ. ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

"ನಮಸ್ಕಾರ ಮೇಡಂ. ನಾನು ಬಿ.ಕಾಂ. ಎರಡನೇ ವರ್ಷದ ವಿದ್ಯಾರ್ಥಿ. ನೀವು ನಮ್ಮ ಕಾಲೇಜಿನಲ್ಲಿ ಸಣ್ಣ ಉದ್ಯಮಗಳ ಲೆಕ್ಕಪತ್ರದ ಬಗ್ಗೆ ಮಾತಾಡಿದ್ದಿರಿ. ಆಮೇಲೆ ನಾನು ಒಂದು ಕಂಪನಿಯ ಐದು ವರ್ಷದ ಲಾಭ ಮತ್ತು ನಗದನ್ನು ಹೋಲಿಸಿ ಎರಡು ಪುಟದ ಟಿಪ್ಪಣಿ ಬರೆದಿದ್ದೇನೆ, ಜೊತೆಗಿದೆ. ಪರೀಕ್ಷೆಯ ನಂತರದ ಎಂಟು ವಾರ, ವಾರಕ್ಕೆ 20 ಗಂಟೆ ನಿಮ್ಮ ಕಚೇರಿಯಲ್ಲಿ ಕೆಲಸ ಕಲಿಯಲು ಅವಕಾಶ ಇದೆಯೇ? ಇಲ್ಲದಿದ್ದರೆ ಈ ಟಿಪ್ಪಣಿಯಲ್ಲಿ ಕಂಡ ಒಂದು ತಪ್ಪು ತಿಳಿಸಿದರೂ ನನಗೆ ದೊಡ್ಡ ಉಪಕಾರ."

ಇಷ್ಟೇ. ಕೊನೆಯ ಸಾಲು ಮುಖ್ಯ. ಜಾಗ ಇಲ್ಲದವರೂ ಅದಕ್ಕೆ ಉತ್ತರಿಸುತ್ತಾರೆ. ಅವರು ತೋರಿಸಿದ ತಪ್ಪನ್ನು ತಿದ್ದಿ ಮತ್ತೆ ಕಳಿಸಿದರೆ ನಿಮ್ಮ ಹೆಸರು ಅವರ ನೆನಪಿನಲ್ಲಿ ಉಳಿಯುತ್ತದೆ. ಹತ್ತು ದಿನ ಉತ್ತರ ಬರದಿದ್ದರೆ ಒಮ್ಮೆ ನೆನಪಿಸಿ, ಎರಡನೇ ಸಲ ಬೇಡ. ಒಂದೇ ಪತ್ರವನ್ನು ಎಲ್ಲರಿಗೂ ಅಂಟಿಸಿ ಕಳಿಸಬೇಡಿ, ಓದುವವರಿಗೆ ಎರಡನೇ ಸಾಲಿನಲ್ಲೇ ಗೊತ್ತಾಗುತ್ತದೆ. ಬಯೋಡೇಟಾ ಒಂದು ಪುಟ ಸಾಕು.

ದೊಡ್ಡ ಸಂಸ್ಥೆಗಳ ಮೇಲೂ ಕಣ್ಣಿದ್ದರೆ ದಿನಾಂಕಗಳನ್ನು ಈಗಲೇ ಗುರುತು ಹಾಕಿಕೊಳ್ಳಿ. ಅವರು ತಿಂಗಳುಗಟ್ಟಲೆ ಮೊದಲೇ ಆರಿಸುತ್ತಾರೆ. ಯುರೋಪಿನ ಭೌತವಿಜ್ಞಾನ ಪ್ರಯೋಗಾಲಯ ಸರ್ನ್‌ನ ಬೇಸಿಗೆ ವಿದ್ಯಾರ್ಥಿ ಕಾರ್ಯಕ್ರಮಕ್ಕೆ ಸಾಮಾನ್ಯವಾಗಿ ಜನವರಿ ಕೊನೆಗೇ ಅರ್ಜಿ ಮುಗಿದಿರುತ್ತದೆ. ಸಣ್ಣ ಕಚೇರಿಗಳಲ್ಲಿ ಹಾಗಲ್ಲ, ಮೂರು ವಾರ ಮೊದಲು ಕೇಳಿದರೂ ನಡೆಯುತ್ತದೆ. ಮೊದಲ ಇಂಟರ್ನ್‌ಶಿಪ್ ಸಣ್ಣ ಕಚೇರಿಯಲ್ಲೇ ಆಗಲಿ ಎಂಬುದು ನನ್ನ ಆಸೆ. ಅಲ್ಲಿ ಬಿಲ್ಲು ಬರುವುದರಿಂದ ತೆರಿಗೆ ಕಟ್ಟುವವರೆಗೆ ಎಲ್ಲವೂ ಕಣ್ಣೆದುರು ನಡೆಯುತ್ತದೆ.

ಇನ್ನು ಸಂಬಳವಿಲ್ಲದ ಆರು ತಿಂಗಳು. ನನ್ನ ಉತ್ತರ: ಈ ಷರತ್ತಿನಲ್ಲಿ ಬೇಡ.

ಓದುವಾಗಲೇ ಕೆಲಸ ಕಲಿಯಬೇಕೆಂಬ ಏರ್ಪಾಡನ್ನು ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಹರ್ಮನ್ ಶ್ನೈಡರ್ 1906ರಲ್ಲಿ 27 ಎಂಜಿನಿಯರಿಂಗ್ ವಿದ್ಯಾರ್ಥಿಗಳೊಂದಿಗೆ ಶುರು ಮಾಡಿದರು. ತರಗತಿ ಮತ್ತು ಕಾರ್ಖಾನೆ ಸರದಿಯಲ್ಲಿ ನಡೆಯುತ್ತಿದ್ದವು, ಕಾರ್ಖಾನೆಯ ದಿನಗಳಿಗೆ ಕೂಲಿ ಇತ್ತು. ಕಲಿಯುವವರಿಗೆ ದುಡ್ಡು ಏಕೆ ಎಂದು ಕೇಳುವವರಿಗೆ ಇದು ಉತ್ತರ. ಸಂಬಳ ಇಲ್ಲದ ಇಂಟರ್ನ್‌ಶಿಪ್ ಮನೆಯಲ್ಲಿ ಅನುಕೂಲ ಇರುವವರಿಗೆ ಮಾತ್ರ ಎಟುಕುತ್ತದೆ. 2015ರಲ್ಲಿ ಜಿನೀವಾದಲ್ಲಿ ವಿಶ್ವಸಂಸ್ಥೆಯ 22 ವರ್ಷದ, ಸಂಬಳವಿಲ್ಲದ ಇಂಟರ್ನ್ ಒಬ್ಬರು ಟೆಂಟಿನಲ್ಲಿ ಇದ್ದದ್ದು ಜಗತ್ತಿಗೆಲ್ಲ ಸುದ್ದಿಯಾಯಿತು. ಅದೇ ವರ್ಷ ಅಮೆರಿಕದ ಒಂದು ಮೇಲ್ಮನವಿ ನ್ಯಾಯಾಲಯ, ಸಿನಿಮಾ ಕಂಪನಿಯೊಂದರ ಇಂಟರ್ನ್‌ಗಳು ಹಾಕಿದ್ದ ಮೊಕದ್ದಮೆಯಲ್ಲಿ ಒಂದು ಪ್ರಶ್ನೆಯನ್ನು ಅಳತೆಗೋಲು ಮಾಡಿತು: ಈ ಏರ್ಪಾಡಿನಿಂದ ಹೆಚ್ಚು ಲಾಭ ಯಾರಿಗೆ, ಇಂಟರ್ನ್‌ಗೋ ಕಂಪನಿಗೋ? ಕೆಲಸ ಓದಿಗೆ ಹೊಂದುತ್ತದೆಯೇ, ಕಾಲೇಜಿನ ವೇಳಾಪಟ್ಟಿಗೆ ಅಡ್ಡ ಬರುವುದಿಲ್ಲವೇ, ಕಲಿಯಲು ಬೇಕಾದಷ್ಟೇ ಅವಧಿಯೇ, ಸಂಬಳದ ನೌಕರ ಮಾಡಬೇಕಾದ ಕೆಲಸವನ್ನು ಪುಕ್ಕಟೆ ಮಾಡಿಸುತ್ತಿದ್ದಾರೆಯೇ, ಇವೆಲ್ಲ ಆ ಅಳತೆಯೊಳಗೆ ಬಂದವು. ಕಾನೂನು ಒಂದೊಂದು ದೇಶದಲ್ಲಿ ಒಂದೊಂದು ರೀತಿ ಇರುತ್ತದೆ. ಆದರೆ ಈ ಪ್ರಶ್ನೆಗಳನ್ನು ನೀವು ಎಲ್ಲಿ ಬೇಕಾದರೂ ಕೇಳಿಕೊಳ್ಳಬಹುದು.

ನಿಮಗೆ ಬಂದಿರುವ ಆಹ್ವಾನವನ್ನು ಹೀಗೆ ತೂಗಿ ನೋಡಿ. ಪೂರ್ತಿ ದಿನ ಆದರೆ ತರಗತಿ ತಪ್ಪುತ್ತದೆ. ಹೊಸಬರು ಕಲಿಯುವುದರಲ್ಲಿ ದೊಡ್ಡ ಪಾಲು ಮೊದಲ ಎಂಟು ವಾರದಲ್ಲೇ ಆಗಿಬಿಡುತ್ತದೆ. ಆಮೇಲಿನ ನಾಲ್ಕು ತಿಂಗಳು ನೀವು ಅವರಿಗೆ ನೌಕರರು. ಆದರೆ ನೇರವಾಗಿ ಬೇಡ ಎನ್ನಬೇಕಿಲ್ಲ, ಮಾತಾಡಿ. "ಎಂಟು ವಾರ, ದಿನಕ್ಕೆ ನಾಲ್ಕು ಗಂಟೆ ಬರುತ್ತೇನೆ. ಓಡಾಟದ ಖರ್ಚು ಕೊಡಿ. ಎಂಟು ವಾರದ ನಂತರವೂ ನಾನು ಬೇಕು ಅನ್ನಿಸಿದರೆ ಸಂಬಳದ ಮಾತಾಡೋಣ" ಎಂದು ವಿನಯವಾಗಿ ಹೇಳಿ. ಮತ್ತೊಂದು ಮಾತು ತಪ್ಪದೆ ಕೇಳಿ: "ನನ್ನ ಕೆಲಸವನ್ನು ಯಾರು ನೋಡಿ ತಿದ್ದುತ್ತಾರೆ?" ಒಬ್ಬರ ಹೆಸರು ಹೇಳಿದರೆ ಅದು ಇಂಟರ್ನ್‌ಶಿಪ್. "ಎಲ್ಲರೂ ಇದ್ದಾರಲ್ಲ" ಎಂದರೆ ಯಾರೂ ಇಲ್ಲ ಎಂದೇ ತಿಳಿಯಿರಿ. ಕಂಪನಿ ಎಷ್ಟು ದೊಡ್ಡದು ಎಂಬುದಕ್ಕಿಂತ ಈ ಒಂದು ಉತ್ತರದ ಮೇಲೆ ನೀವು ನಿರ್ಧಾರ ಮಾಡಬೇಕು ಎಂದು ನಾನು ನಂಬಿದ್ದೇನೆ. ಒಪ್ಪಂದ ಏನಾಯಿತೋ ಅದನ್ನು ಒಂದು ಮೇಲ್‌ನಲ್ಲಿ ಬರೆದು ಕಳಿಸಿ.

ಸೇರಿದ ಮೇಲೆ ಮಾಡಬೇಕಾದ್ದು ಜಾಸ್ತಿ ಏನಿಲ್ಲ. ಅರ್ಥವಾಗದ್ದನ್ನು ಅರ್ಧ ಗಂಟೆ ನೀವೇ ಹುಡುಕಿ, ಆಮೇಲೆ ಏನೇನು ನೋಡಿದಿರಿ ಎಂದು ಹೇಳಿ ಕೇಳಿ. ಶುಕ್ರವಾರ ನಾಲ್ಕು ಸಾಲು ಬರೆದು ಕಳಿಸಿ: ಏನು ಮುಗಿಯಿತು, ಏನು ನಿಂತಿದೆ, ಮುಂದಿನ ವಾರ ಏನು. ಈ ನಾಲ್ಕು ಸಾಲುಗಳೇ ಕೊನೆಗೆ ನಿಮ್ಮ ಬಯೋಡೇಟಾಕ್ಕೆ ಸಾಮಗ್ರಿ. ಕಚೇರಿಯ ಲೆಕ್ಕ, ಗಿರಾಕಿಗಳ ಹೆಸರು ಹೊರಗೆ ಹೋಗಬಾರದು. ಯಾವುದನ್ನು ಹೊರಗೆ ಹೇಳಬಹುದು ಎಂದು ಬಿಡುವ ಮೊದಲು ಕೇಳಿಕೊಳ್ಳಿ. ಶಿಫಾರಸು ಪತ್ರವನ್ನೂ ಕೊನೆಯ ವಾರವೇ ಕೇಳಿ, ವರ್ಷ ಕಳೆದ ಮೇಲೆ ಕೇಳಿದರೆ ಪಾಪ ಅವರಿಗೂ ನೆನಪಿರುವುದಿಲ್ಲ.

ಏನೂ ಸಿಗದಿದ್ದರೆ? ನಿಮಗೆ ಇನ್ನೂ ಒಂದು ವರ್ಷಕ್ಕಿಂತ ಜಾಸ್ತಿ ಸಮಯ ಇದೆ. ಮೂರು ತಿಂಗಳಿಗೊಂದು ಟಿಪ್ಪಣಿ ಬರೆದರೂ ಪದವಿ ಮುಗಿಯುವಾಗ ಕೈಯಲ್ಲಿ ನಾಲ್ಕೈದು ಇರುತ್ತವೆ. ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ಹಳೆಯ ವಿಷಯವನ್ನು ನಕಲು ಮಾಡುವ ಬದಲು ಒಂದು ಸೇವಾ ಸಂಸ್ಥೆಯನ್ನೋ ಸಣ್ಣ ಉದ್ಯಮವನ್ನೋ ಕೇಳಿ, ಅವರಿಗೆ ನಿಜವಾಗಿ ಬೇಕಾದ ಲೆಕ್ಕವನ್ನೇ ವಿಷಯ ಮಾಡಿಕೊಳ್ಳಿ. ಆಗ ಪ್ರಾಜೆಕ್ಟೇ ಅನುಭವ ಆಗುತ್ತದೆ. ಪದವಿ ಮುಗಿದ ಕೂಡಲೇ ಬಾಗಿಲು ಮುಚ್ಚುವುದೂ ಇಲ್ಲ. ವಿಶ್ವಸಂಸ್ಥೆ ಸೇರಿದಂತೆ ಹಲವು ಕಡೆ ಪದವಿ ಪಡೆದು ಒಂದು ವರ್ಷದೊಳಗಿನವರನ್ನೂ ಇಂಟರ್ನ್ ಆಗಿ ತೆಗೆದುಕೊಳ್ಳುತ್ತಾರೆ. ಲೆಕ್ಕಪರಿಶೋಧನೆಯ ಕಡೆ ಒಲವಿದ್ದರೆ ಆ ವೃತ್ತಿಪರ ಕೋರ್ಸುಗಳಲ್ಲಿ ಸ್ಟೈಪೆಂಡ್ ಸಹಿತ ಕಚೇರಿ ತರಬೇತಿ ಇದ್ದೇ ಇರುತ್ತದೆ. ಸದ್ಯಕ್ಕೆ ಈ ಶನಿವಾರ ಕೂತು ಒಂದು ಕಂಪನಿ ಆರಿಸಿ, ಐದು ವರದಿ ಇಳಿಸಿಕೊಳ್ಳಿ. ಟಿಪ್ಪಣಿ ಬರೆದಾದ ಮೇಲೆ ನನಗೂ ಒಂದು ಪ್ರತಿ ಕಳಿಸಿ, ಓದಿ ತಿದ್ದಿ ಕಳಿಸುತ್ತೇನೆ.